ಮಾಲೀಕರು ಮಣೆ ಹಿಡಿದದ್ದು

ಟೈಲರ್ ಭಾಗ್ಯಮ್ಮನ ಬಾಡಿಗೆ ಮನೆಯ ಹೊಸ್ತಿಲಲ್ಲಿ ಮಾಲೀಕ ಪುಟ್ಟರಂಗಯ್ಯನವರ ಫೋನು ಕೈಜಾರಿ ಬಿತ್ತು. ಗಾಜು ಚೂರಾಯಿತು. ಮರುದಿನ ಅವರು ಹೊಸ ಸ್ಕ್ರೀನು ಹಿಡಿದು ಹೆಂಡತಿಯ ಜೊತೆ ಬಂದರು.

“ನಿನ್ನ ಹೊಸ್ತಿಲಲ್ಲಿ ಒಡೀತು, ನೀನೇ ಹಾಕ್ಕೊಡು. ಹೊಲಿಗೆ ಮಿಷನ್ನೇ ಬಿಚ್ಚಿ ಜೋಡಿಸ್ತೀಯಲ್ಲ! ಒಂದು ಸ್ಕ್ರೂ ಕಳೆದ್ರೂ ಮನೆ ಖಾಲಿ ಮಾಡು.”

ಭಾಗ್ಯಮ್ಮ ಊಟದ ಮಣೆ ತಂದು ಅದರ ಮೇಲೆ ರಂಗೋಲಿ ಚುಕ್ಕಿ ಇಟ್ಟಳು. ಬಿಚ್ಚಿದ ಸ್ಕ್ರೂಗಳನ್ನು ಅದಲು ಬದಲಾಗದ ಹಾಗೆ ಚುಕ್ಕಿಗೊಂದರಂತೆ ಕೂರಿಸಿದಳು. ಒಂದೊಂದೂ ಸಾಸಿವೆಗಿಂತ ಸಣ್ಣದು.

ಪಕ್ಕದಲ್ಲೇ ಕೂತ ಮಾಲೀಕರು, “ಹಾಗಲ್ಲ! ಹೀಗೆ! ನಿಂಗೇನು ಗೊತ್ತು?” ಎಂದು ಕೂಗಾಡಿದರು. ಕೂಗಿದಾಗಲೆಲ್ಲ ರಂಗೋಲಿ ಪುಡಿ ಹಾರಿತು.

ಭಾಗ್ಯಮ್ಮ ಮಣೆಯನ್ನು ಮೆಲ್ಲಗೆ ಅವರ ತೊಡೆಯ ಮೇಲಿಟ್ಟಳು. “ಅಣ್ಣಾರೇ, ಇದನ್ನ ನಿಮ್ಮಂಥ ಜವಾಬ್ದಾರಿ ಇರೋರೇ ಹಿಡ್ಕೋಬೇಕು. ಬಾಯಿ ತೆರೆದ್ರೆ ಸ್ಕ್ರೂ ಹಾರುತ್ತೆ. ಆಮೇಲೆ ಕಳೆದೋರು ನೀವೇ ಆಗ್ತೀರ.”

ಪುಟ್ಟರಂಗಯ್ಯನವರು ತುಟಿ ಬಿಗಿದು ಬೊಂಬೆಯಂತೆ ಕೂತರು. ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡಲಿಲ್ಲ. ಭಾಗ್ಯಮ್ಮ ನಿಶ್ಚಿಂತೆಯಾಗಿ ಕೆಲಸ ಮುಗಿಸಿದಳು. ಸ್ಕ್ರೀನು ಬೆಳಗಿತು.

“ಇಷ್ಟೇನಾ? ಅಂಗಡಿಯೋರು ಕಷ್ಟದ ಕೆಲಸ ಅಂದಿದ್ರು.”

“ಕಷ್ಟದ್ದನ್ನ ನೀವೇ ಮಾಡಿದ್ರಲ್ಲ, ಅಣ್ಣಾರೇ.”

ಮಾಲೀಕರು ಬೀಗುತ್ತಾ ಹೊರಟರು. ಅವರ ಹೆಂಡತಿ ತುಳಸಮ್ಮ ಮಾತ್ರ ಬಾಗಿಲಲ್ಲೇ ನಿಂತು ಪಿಸುಗುಟ್ಟಿದರು: “ಭಾಗ್ಯಾ, ಆ ಮಣೆ ನಾಲ್ಕು ದಿನ ನಮ್ಮನೇಲಿರ್ಲಿ ಕಣೇ.”