ಹಗ್ಗ ಬಿಗಿದ ಪೆಟ್ಟಿಗೆ

"ಬುದ್ಧಿ, ನಾನು ಯಾರನ್ನೂ ಗದರುವುದಿಲ್ಲ. ಊಟಕ್ಕಾಗಲಿ ಪಾಠಕ್ಕಾಗಲಿ ಕೊರತೆ ಮಾಡಿಲ್ಲ. ಆದರೂ ಶಾಖಾಮಠದಲ್ಲಿ ಶಿಷ್ಯರು ಯಾರೂ ನಿಲ್ಲುತ್ತಿಲ್ಲ, ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದಾರೆ. ಏಕೆ?"

ಕೇಳಿದವನು ಗುರುಶಾಂತ. ಈ ಹಿರಿಯ ಮಠದಲ್ಲೇ ಹತ್ತು ವರ್ಷ ಕಲಿತು, ಹೋದ ವರ್ಷವಷ್ಟೇ ಶಾಖಾಮಠದ ಹೊಣೆ ಹೊತ್ತವನು. ಗುರುಗಳು ಒಂದು ಕತೆ ಶುರುಮಾಡಿದರು.

ಆಫ್ರಿಕ ಖಂಡದ ಬಡಗಣ ಅಂಚಿನಲ್ಲಿ ಒಂದು ನಾಡು. ಒಂದು ಕಡೆ ಕಡಲು, ಇನ್ನೊಂದು ಕಡೆ ಮರಳುಗಾಡು. ಅಲ್ಲಿಯ ದೊರೆಗೆ ಒಬ್ಬ ರಾಯಭಾರಿಯಿದ್ದ. ಇಪ್ಪತ್ತೆರಡು ವರ್ಷ ಎಂಟು ಪರದೇಶಗಳಲ್ಲಿ ದೊರೆಯ ಪರವಾಗಿ ಮಾತಾಡಿದವನು. ರಾಯಭಾರಿಯ ಬಾಳು ಒಂದು ಓಲೆಯ ಮೇಲೆ ನಿಂತಿರುತ್ತದೆ; ಹಿಂತಿರುಗು ಎಂದು ಓಲೆ ಬಂದರೆ ಅಂದೇ ಹೊರಡಬೇಕು. ಹಾಗಾಗಿ ಅವನು ಹೋದಲ್ಲೆಲ್ಲ ಬಟ್ಟೆಯ ಪೆಟ್ಟಿಗೆಗೆ ಹಗ್ಗ ಬಿಗಿದು ಮಂಚದ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದ. ಹೊರಗಿರುತ್ತಿದ್ದುದು ಎರಡು ಜೊತೆ ಉಡುಪು ಮಾತ್ರ. ಆ ಕೆಲಸಕ್ಕೆ ಅದು ಜಾಣತನವೇ ಆಗಿತ್ತು.

ಒಂದು ದಿನ ದೊರೆ ಅವನನ್ನು ಕರೆಸಿ ಮಹಾಮಂತ್ರಿ ಮಾಡಿದ. ಹಿಂದಿನ ಮಹಾಮಂತ್ರಿ ಹೇಳದೆ ಕೇಳದೆ ಹಡಗು ಹತ್ತಿ ಹೋಗಿದ್ದ. ಹಾಗಾಗಿ ಊರಿನವರಿಗೆಲ್ಲ ಹೊಸಬನ ಮೇಲೇ ಕಣ್ಣು. ಅವನೋ, ಬಂದ ದಿನವೇ ಪೆಟ್ಟಿಗೆಯನ್ನು ಮಂಚದ ಪಕ್ಕದಲ್ಲಿಟ್ಟ. ಹಗ್ಗ ಬಿಚ್ಚಬೇಕೆಂದು ಅವನಿಗೆ ಹೊಳೆಯಲೂ ಇಲ್ಲ.

ತಿಂಗಳು ಕಳೆಯುವುದರೊಳಗೆ ಬೀದಿಗಳು ಬರಿದಾಗತೊಡಗಿದವು. ಮೊದಲು ರೊಟ್ಟಿಯಂಗಡಿಯವನು ಹೋದ, ಆಮೇಲೆ ಕಮ್ಮಾರರ ಇಡೀ ಕೇರಿ. ಆಲಿವ್ ಕಾಯಿ ಮಾಗಿ ನೆಲಕ್ಕೆ ಉದುರಿದರೂ ಆರಿಸುವವರಿಲ್ಲ. ಮಹಾಮಂತ್ರಿ, ಇವರಿಗೆ ಏನೋ ಗೊತ್ತಾಗಿದೆ, ನನಗೆ ಹೇಳುತ್ತಿಲ್ಲ ಎಂದುಕೊಂಡ. ಹೀಗೇ ಆದರೆ ಊರೇ ಉಳಿಯುವುದಿಲ್ಲ ಎಂದು ಹೆದರಿ ಎಂಟೂ ದೇಶಗಳ ಅರಮನೆಗಳಿಗೆ ಕಾಗದ ಬರೆದ. ದಂಡಿಲ್ಲ, ದಾಳಿಯಿಲ್ಲ, ಏನೂ ಇಲ್ಲ ಎಂದು ಎಂಟೂ ಕಡೆಯಿಂದ ಉತ್ತರ ಬಂತು. ಬೇರೆ ಯಾರಾದರೂ ಆಗಿದ್ದರೆ ನೆಮ್ಮದಿಯಾಗಿ ಉಂಡು ಮಲಗುತ್ತಿದ್ದರು. ಇವನು ರಾಯಭಾರಿ. ಏನೂ ಇಲ್ಲ ಎಂಬ ಮಾತನ್ನು ತಾನೇ ಎಷ್ಟು ಆಸ್ಥಾನಗಳಲ್ಲಿ ನಗುನಗುತ್ತ ಹೇಳಿ ಬಂದಿದ್ದನೋ. ಪೆಟ್ಟಿಗೆಗೆ ಇನ್ನೊಂದು ಸುತ್ತು ಹಗ್ಗ ಬಿಗಿದ. ಎರಡು ದಿನದಲ್ಲಿ ನೇಕಾರರೂ ಹೊರಟರು.

ತಾಳಲಾರದೆ ಒಂದು ಬೆಳಗ್ಗೆ ತಾನೇ ಬೀದಿಗಿಳಿದ. ಎಣ್ಣೆಗಾಣದ ಮುದುಕಿಯೊಬ್ಬಳು ಕತ್ತೆಯ ಮೇಲೆ ಬುಟ್ಟಿಗಳನ್ನು ಹೇರುತ್ತಿದ್ದಳು. ಊರಿಗೆ ಉಳಿದಿದ್ದ ಗಾಣ ಅವಳದೊಂದೇ.

"ತಾಯಿ, ಯಾವ ಸುದ್ದಿ ಕೇಳಿ ಹೊರಟಿದ್ದೀರಿ? ನನಗಾದರೂ ಹೇಳಿ."

ಮುದುಕಿ ಬುಟ್ಟಿ ಕಟ್ಟುವುದನ್ನು ನಿಲ್ಲಿಸಲಿಲ್ಲ. "ನಮಗೆಲ್ಲಿಂದ ಸುದ್ದಿ, ಸ್ವಾಮಿ? ನನ್ನ ಸೊಸೆ ನಿಮ್ಮ ಮನೆಯ ಕಸ ಗುಡಿಸುತ್ತಾಳೆ. ನಿಮ್ಮ ಪೆಟ್ಟಿಗೆಗೆ ಹಗ್ಗ ಬಿಗಿದಿದೆ ಅಂದಳು. ಮೊನ್ನೆ ಇನ್ನೊಂದು ಸುತ್ತು ಬಿಗಿದರು ಅಂದಳು. ಎಂಟು ದೇಶದ ಸುದ್ದಿ ಬಲ್ಲವರು ನೀವು. ನೀವೇ ಹೊರಟು ನಿಂತಿರುವಾಗ ನಾವು ಕೂತಿರೋಣವೇ?"

ಮಹಾಮಂತ್ರಿಗೆ ಆಗ ತಿಳಿಯಿತು: ಎಂಟು ದೇಶಗಳಲ್ಲಿ ಹುಡುಕಿದ ಶತ್ರು ತನ್ನ ಮಂಚದ ಪಕ್ಕದಲ್ಲೇ ಇತ್ತು. ಅವನು ಆಗಲೇ ಪೆಟ್ಟಿಗೆಯನ್ನು ಗಾಣದ ಅಂಗಳಕ್ಕೇ ತರಿಸಿ ಗಂಟು ಬಿಚ್ಚಲು ಕೂತ. ಬಿಗಿದ ಗಂಟು ಬಿಚ್ಚಲು ಬರಲಿಲ್ಲ. ಮುದುಕಿ ತನ್ನ ಕುಡುಗೋಲು ಕೊಟ್ಟಳು. ಹಗ್ಗ ಕೊಯ್ದು, ಒಂದೊಂದೇ ಉಡುಪು ತೆಗೆದು, ದಾರಿಹೋಕರಿಗೆಲ್ಲ ಕಾಣುವಂತೆ ಗೋಡೆಯ ಮೇಲೆ ಹರವಿದ. ನಾಳೆಯೇ ಓಲೆ ಬಂದರೆ ಏನು ಗತಿ ಎಂಬ ಹಳೆಯ ಹೆದರಿಕೆ ಆಗಲೂ ಹೋಗಿರಲಿಲ್ಲ.

ಮುದುಕಿ ಕೊನೆಯ ಅಂಗಿಯವರೆಗೂ ನೋಡುತ್ತ ನಿಂತಳು. ಆಮೇಲೆ ಕತ್ತೆಯ ಮೇಲಿನಿಂದ ಒಂದು ಬುಟ್ಟಿಯನ್ನು ಕೆಳಗಿಳಿಸಿದಳು. ಒಂದನ್ನು ಮಾತ್ರ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಗುರುಶಾಂತನಿಗೆ ತಡೆಯಲಾಗಲಿಲ್ಲ. ಊರು ಬಿಟ್ಟವರು ಮರಳಿ ಬಂದರೇ ಎಂದು ಕೇಳಿದ.

ಗುರುಗಳು ಹೇಳಿದರು: "ನೀನು ಹೋಗುವಾಗ, ಹೇಗೂ ಮರಳಿ ಬರುತ್ತೇನೆಂದು ಇಲ್ಲಿಯ ಅಟ್ಟದ ಮೇಲಿಟ್ಟುಹೋದ ಪುಸ್ತಕದ ಪೆಟ್ಟಿಗೆಯನ್ನು ಈ ಸಲವಾದರೂ ಒಯ್ಯುತ್ತೀಯಾ?"