ಐದೂವರೆ ಗಂಟೆಯ ಅಂತರ

ಮಂಗಳೂರಿನ ವಾರಿಜಾಳ ಫೋನಿನಲ್ಲಿದ್ದ ಕ್ಯಾಲೆಂಡರ್, ಲಂಡನ್ನಿನ ಅವಳ ಅಕ್ಕನ ಮನೆಯ ಗಡಿಯಾರವನ್ನು ಚಳಿಗಾಲದಲ್ಲಿ ಕೇಳಿತು: “ನಮ್ಮಿಬ್ಬರ ನಡುವೆ ಎಷ್ಟು ಅಂತರ?”

“ಐದೂವರೆ ಗಂಟೆ. ಬೇಸಿಗೆಯ ಹೊತ್ತಿಗೆ ಇಲ್ಲಿ ನನ್ನನ್ನು ಮುಂದಕ್ಕೆ ತಿರುಗಿಸುತ್ತಾರೆ. ಆಗ ಮತ್ತೆ ಕೇಳು.”

“ಒಮ್ಮೆ ತಿಳಿದದ್ದನ್ನು ನಾನು ಎರಡನೆಯ ಸಲ ಕೇಳುವುದಿಲ್ಲ.”

ಬೇಸಿಗೆ ಬಂತು. ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿ ಅಂತರ ನಾಲ್ಕೂವರೆ ಗಂಟೆಯಾಯಿತು. ತನ್ನ ಆಪರೇಷನ್ನಿಗೆ ಹೊರಡುವ ಮುಂಚೆ ತಂಗಿಯ ಕರೆ ಬರುತ್ತದೆಂದು ಅಕ್ಕ ಹತ್ತು ಗಂಟೆಗೆ ಕಾದು ಕುಳಿತಳು. ಕ್ಯಾಲೆಂಡರ್ ಹಳೆಯ ಅಂತರವನ್ನೇ ಕೂಡಿಸಿ ವಾರಿಜಾಳಿಗೆ ನೆನಪಿಸಿದಾಗ ಅಲ್ಲಿ ಹನ್ನೊಂದಾಗಿತ್ತು; ಅಕ್ಕ ಹೊರಟುಹೋಗಿದ್ದಳು. ಆಸ್ಪತ್ರೆಗೆ ಹೋದ ಅಕ್ಕ ಮರಳಲಿಲ್ಲ.

“ನನ್ನ ಲೆಕ್ಕ ಸರಿಯಿತ್ತಲ್ಲ,” ಎಂದು ಕ್ಯಾಲೆಂಡರ್ ಕೊರಗಿತು.

“ಚಳಿಗಾಲಕ್ಕೆ ಸರಿಯಿತ್ತು,” ಎಂದಿತು ಗಡಿಯಾರ.

ಈಗ ಕ್ಯಾಲೆಂಡರ್ ದಿನವೂ ಅಂತರ ಕೇಳುತ್ತದೆ. ವಾರಿಜಾ ಮಾತ್ರ ಲಂಡನ್ನಿನ ಕರೆಯನ್ನು ಅದರಲ್ಲಿ ಮತ್ತೆಂದೂ ಗುರುತು ಹಾಕಲಿಲ್ಲ.