ಕಾಣದ ಬೆಸುಗೆ

ತುಂಗಭದ್ರೆಯ ದಂಡೆಯ ಮೇಲೆ ಒಬ್ಬ ಗುರುಗಳಿದ್ದರು. ಅವರ ಆಶ್ರಮ ಅಂದರೆ ಒಂದು ತಗಡಿನ ಶೆಡ್ಡು, ಒಂದು ಗ್ಯಾಸ್ ಸಿಲಿಂಡರು, ಒಡೆದ ಎಂಜಿನ್‌ಗಳ ಒಂದು ರಾಶಿ. ಹೆಸರು ರಾಜೇಸಾಬ. ಊರಿಗೆಲ್ಲ ಉಸ್ತಾದ್.

ಶಿಷ್ಯ ಗವಿಸಿದ್ದನಿಗೆ ಮೂವತ್ತನಾಲ್ಕು ದಾಟಿತ್ತು. ಒಂಬತ್ತು ವರ್ಷದಿಂದ ಅವರ ಕೈಕೆಳಗೆ ಬೆಸುಗೆ ಕಲಿಯುತ್ತಿದ್ದ. ಈಗ ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತಕ್ಕೊಂದು ಅಂಗಡಿ ಹಿಡಿದಿದ್ದ. ಬೋರ್ಡು ಕೂಡ ಬರೆಸಿ ಶೆಡ್ಡಿನ ಮೂಲೆಗೆ ಆನಿಸಿಟ್ಟಿದ್ದ: 'ಎಲ್ಲ ಎಂಜಿನ್ ಕೇಸುಗಳನ್ನು ಹೊಸದರಂತೆ ಬೆಸೆದುಕೊಡಲಾಗುವುದು.'

ಆದರೆ ಉಸ್ತಾದರು ಹೂಂ ಅನ್ನದೆ ಶಿಷ್ಯ ಬೋರ್ಡು ಹಾಕುವಂತಿಲ್ಲ. ಆ ಶೆಡ್ಡಿನಲ್ಲಿ ಕಲಿತವರೆಲ್ಲ ನಡೆಸಿಕೊಂಡು ಬಂದ ರೀತಿ ಅದು. ಉಸ್ತಾದರು ಬೋರ್ಡನ್ನು ದಿನಾ ನೋಡುತ್ತಿದ್ದರು. ಹೂಂ ಮಾತ್ರ ಅಂದಿರಲಿಲ್ಲ.

ಒಂದು ದಿನ ಯಮನೂರಪ್ಪ ಬಂದ. ಡ್ಯಾಮಿನ ಮೀನನ್ನು ಐಸ್ ಡಬ್ಬಿಯಲ್ಲಿ ತುಂಬಿ ಬೈಕಿನ ಮೇಲೆ ಹೇರಿಕೊಂಡು ಊರೂರು ಸುತ್ತುವವನು. ಓಡುವಾಗಲೇ ಚೈನು ತುಂಡಾಗಿ, ಸುತ್ತಿಕೊಂಡು, ಎಂಜಿನ್ನಿನ ಹೊರಕವಚವಾದ ಅಲ್ಯೂಮಿನಿಯಂ ಕೇಸಿಗೆ ಬಡಿದು ಕೇಸು ಸೀಳಿತ್ತು.

ಹೊಸ ಕೇಸು ಹಾಕಿಸಬಹುದಿತ್ತು. ಆದರೆ ಎಂಜಿನ್ ನಂಬರು ಇರುವುದು ಕೇಸಿನ ಮೇಲೆಯೇ. ಕೇಸು ಬದಲಾದರೆ ಗಾಡಿಗೂ ಆರ್‌ಸಿಗೂ ತಾಳೆಯಾಗದೆ ಆರ್‌ಟಿಒ ಕಚೇರಿಗೆ ಅಲೆಯಬೇಕು. ಅದು ತನ್ನಿಂದಾಗದು, ಬೆಸುಗೆಯೇ ಇರಲಿ ಅಂದ ಯಮನೂರಪ್ಪ.

ಉಸ್ತಾದರು ಕೇಸನ್ನು ಗವಿಸಿದ್ದನ ಕೈಗಿಟ್ಟು, ಇದನ್ನು ನೀನೊಬ್ಬನೇ ಮಾಡು ಅಂದು ಮಗಳ ಊರಿಗೆ ಹೊರಟರು. ಹೂಂ ಬರುವುದಿದ್ದರೆ ಇದರ ಮೇಲೆಯೇ ಬರುತ್ತದೆಂದು ಗವಿಸಿದ್ದನಿಗೆ ಗೊತ್ತಾಯಿತು.

ಜೀವ ತೇಯ್ದು ಮಾಡಿದ. ತೊಳೆದ, ಕಾಯಿಸಿದ, ಬೆಸೆದ. ಆಮೇಲೆ ಅರ ಹಾಕಿ ತಿಕ್ಕಿ, ಪಾಲಿಶ್ ಪೇಪರಿನಿಂದ ಉಜ್ಜಿ, ಬೆಸುಗೆಯ ಗುರುತೇ ಇಲ್ಲದಂತೆ ಮಾಡಿದ.

ಎರಡು ದಿನ ಬಿಟ್ಟು ಬಂದ ಉಸ್ತಾದರು ಕೇಸಿನ ಮೇಲೆ ಬೆರಳಾಡಿಸಿದರು.

"ಎಲ್ಲಿ ಒಡದಿತ್ತೋ ಇದು?"

"ಅದ ನೋಡ್ರಿ ಉಸ್ತಾದ್, ಗೊತ್ತ ಆಗಂಗಿಲ್ಲ."

"ಹೌದು. ನನಗೂ ಗೊತ್ತಾಗವಲ್ದು."

ಗವಿಸಿದ್ದ ಅದನ್ನು ಹೊಗಳಿಕೆ ಅಂದುಕೊಂಡು ಹಿಗ್ಗಿದ.

ಉಸ್ತಾದರು ಸೀಮೆಸುಣ್ಣ ತೇಯ್ದು ಕೇಸಿನ ಹೊರಮೈಗೆ ಬಳಿದರು. ಅದು ಒಣಗಿದ ಮೇಲೆ ಒಳಮೈಗೆ ಸೀಮೆಎಣ್ಣೆ ಸವರಿದರು. ಚಹಾ ತರಿಸಿದರು. ಇಬ್ಬರೂ ಕುಡಿದರು.

ಚಹಾ ಮುಗಿಯುವ ಹೊತ್ತಿಗೆ ಬಿಳಿ ಸುಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ ತೇವದ ಗೆರೆ ಮೂಡಿತು. ಬೆಸುಗೆ ಹಾಕಿದ ಜಾಗ ಒಣಗಿಯೇ ಇತ್ತು. ಗೆರೆ ಇದ್ದದ್ದು ಅದರಾಚೆ, ಒಂದು ಬೆರಳಿನಷ್ಟು ಮುಂದೆ. ಸೀಳು ಅಲ್ಲಿಯವರೆಗೂ ಓಡಿತ್ತು.

"ಇದು ಮದ್ಲ ಕಂಡಿತ್ತೇನು?"

ಇಲ್ಲ ಅಂದಿದ್ದರೂ ನಡೆಯುತ್ತಿತ್ತು. ಗವಿಸಿದ್ದ ಹಾಗೆ ಅನ್ನಲಿಲ್ಲ.

"ಒಂದು ಗೀರು ಕಂಡಿತ್ರಿ. ಉಜ್ಜಿದ ಮ್ಯಾಲ ಹೋತು. ಹೋತಲ್ಲ ಅಂತ ಸುಮ್ನಾದೆ."

ಮುಂದೇನಾಗುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು. ನಡುದಾರಿಯಲ್ಲಿ ಆಯಿಲ್ ಸೋರಿ, ಎಂಜಿನ್ ಬಿಗಿದು ನಿಂತುಹೋಗಿ, ಯಮನೂರಪ್ಪ ಕರಗುತ್ತಿರುವ ಐಸು ನೋಡುತ್ತ ನಿಲ್ಲುತ್ತಿದ್ದ. ನಾಚಿಕೆಯಿಂದ ಗವಿಸಿದ್ದನಿಗೆ ತಲೆ ಎತ್ತಲಾಗಲಿಲ್ಲ. ಬೆಸುಗೆ ಬೇಡ, ಹೊಸ ಕೇಸು ನಾನೇ ತರಿಸಿಕೊಡುತ್ತೇನೆ, ಕಚೇರಿಗೂ ನಾನೇ ಅಲೆಯುತ್ತೇನೆ ಅಂದ.

"ಕೇಸು ಹೊಸದು ಬರತೈತಿ," ಅಂದರು ಉಸ್ತಾದರು. "ನಿನ್ನ ಕೈ?"

ಗವಿಸಿದ್ದ ಒಲೆ ಹಚ್ಚಿದ.

ಕೇಸನ್ನು ತೊಳೆದು ಸಣ್ಣ ಉರಿಯಲ್ಲಿ ಕಾಯಿಸಿದ. ಸೀಳಿನೊಳಗೆ ಅವಿತಿದ್ದ ಹಳೆಯ ಆಯಿಲ್ ಬೆವರಿನಂತೆ ಹೊರಬಂದು ತನ್ನ ದಾರಿಯನ್ನು ತಾನೇ ತೋರಿಸಿತು. ಉಸ್ತಾದರು ಡ್ರಿಲ್ಲನ್ನು ಅವನ ಕಡೆ ಸರಿಸಿದರು.

"ತುದಿಗೆ ತೂತು ಹಾಕು."

ಒಂಬತ್ತು ವರ್ಷದಿಂದ ಗೊತ್ತಿದ್ದ ಕೆಲಸವೇ. ತುದಿಯಲ್ಲಿ ದುಂಡನೆಯ ತೂತಿದ್ದರೆ ಸೀಳು ಅಲ್ಲಿಗೆ ನಿಲ್ಲುತ್ತದೆ, ಮುಂದೆ ಓಡುವುದಿಲ್ಲ. ಪಾಲಿಶಿನ ಆಸೆಯಲ್ಲಿ ಅವನು ತುದಿಯನ್ನು ಹುಡುಕುವುದನ್ನೇ ಬಿಟ್ಟಿದ್ದ.

ತೂತು ಹಾಕಿದ. ಸೀಳಿನುದ್ದಕ್ಕೂ ಕೊರೆದು ಮತ್ತೆ ಬೆಸೆದ. ಒಮ್ಮೆಲೇ ಆರಬಾರದೆಂದು ಬಿಸಿ ಬೂದಿಯಲ್ಲಿ ಹೂತಿಟ್ಟ. ಮರುದಿನ ತೆಗೆದಾಗ ಬೆಸುಗೆ ಇರುವೆಸಾಲಿನಂತೆ ಉಬ್ಬಿ ಕಾಣುತ್ತಿತ್ತು. ಅರ ಪಕ್ಕದಲ್ಲೇ ಇತ್ತು. ಗವಿಸಿದ್ದ ಅದನ್ನು ಮುಟ್ಟಲಿಲ್ಲ.

ಮತ್ತೆ ಸುಣ್ಣ ಬಳಿದ, ಸೀಮೆಎಣ್ಣೆ ಸವರಿದ. ಈ ಸಲ ಎರಡು ಚಹಾ ಆದವು. ಸುಣ್ಣ ಬಿಳಿಯಾಗಿಯೇ ಉಳಿಯಿತು.

ಸಂಜೆ ಬಂದ ಯಮನೂರಪ್ಪ ಕೇಸು ನೋಡಿ ಮುಖ ಸಿಂಡರಿಸಿದ. ಬೋರ್ಡಿನ ಕಡೆ ಕೈ ತೋರಿಸಿದ.

"ಹೊಸದರಂತೆ ಅಂತ ಬರಸೀಯಲ್ಲೋ ಮಾರಾಯ. ಇದು ನೋಡಿದ್ರ ಗಂಟು ಗಂಟು ಐತಿ. ಒಂದೀಟು ತಿಕ್ಕಿ ಕೊಡು."

ಗವಿಸಿದ್ದ ಉಸ್ತಾದರ ಕಡೆ ನೋಡಿದ. ಅವರು ಗ್ಯಾಸಿನ ನಾಝಲ್ಲಿಗೆ ತಂತಿ ಹಾಕಿ ಕಸ ತೆಗೆಯುತ್ತ ಕೂತಿದ್ದರು. ಈ ಮಾತಿಗೂ ತಮಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ.

"ಮದ್ಲ ತಿಕ್ಕಿದ್ದೆ ಅಣ್ಣಾ," ಅಂದ ಗವಿಸಿದ್ದ. "ತಿಕ್ಕಿ ಒಂದು ಸೀಳನ್ನ ಮುಚ್ಚಿಬಿಟ್ಟಿದ್ದೆ. ಉಸ್ತಾದರು ಹಿಡದ್ರು. ಈಗ ಇದು ಹಿಂಗ ಕಾಣಲಿ. ನಾಳೆ ಯಾರ ಬಿಚ್ಚಿದ್ರೂ ಎಲ್ಲಿ ಒಡದಿತ್ತು ಅಂತ ಗೊತ್ತಾಗ್ಬೇಕು. ನೀನೂ ವಾರಕ್ಕೊಮ್ಮೆ ಇಲ್ಲಿ ಕೈ ಆಡಿಸು. ಜಿಡ್ಡು ಹತ್ತಿದ್ರ ನನ್ನ ಹತ್ರ ಬಾ."

ಯಮನೂರಪ್ಪ ಗೊಣಗಿದ. ಆ ಗಂಟಿನ ಮೇಲೆ ಎರಡು ಸಲ ಬೆರಳಾಡಿಸಿದ. ಆಮೇಲೆ ಕೇಸನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದ.

ಗವಿಸಿದ್ದ ಬೆಂಚು ಗುಡಿಸಿದ. ಈ ಸಲವೂ ಹೂಂ ಬರಲಿಲ್ಲ, ಬರುವಂಥದ್ದು ತಾನು ಮಾಡಲೂ ಇಲ್ಲ ಅನ್ನಿಸಿತು. ದುಃಖವಾಯಿತು. ಮೂಲೆಗೆ ಹೋಗಿ ಬೋರ್ಡನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿಟ್ಟ.

ಉಸ್ತಾದರು ನಾಝಲ್ಲನ್ನು ಬೆಳಕಿಗೆ ಹಿಡಿದು ಅದರ ತೂತಿನೊಳಗೆ ನೋಡುತ್ತಿದ್ದರು. ಕಣ್ಣು ತೆಗೆಯದೆಯೇ ಹೇಳಿದರು:

"ಸಿದ್ದಾ, ನಾಳೆ ಬೋರ್ಡು ಹಾಕು. 'ಹೊಸದರಂತೆ' ಅನ್ನೋದೊಂದು ಅಳಿಸಿ ಹಾಕು."